ಚಿಕ್ಕಮ್ಮ ಕೇಳಿದ ಎಲ್‌ಇಡಿ ಮಾಸ್ಕ್ ಬಗ್ಗೆ

ಚಿಕ್ಕಮ್ಮ, ನೀನು ಗ್ರೂಪಿಗೆ ಹಾಕಿದ ಎರಡೂ ಫೋಟೋ ನೋಡಿದೆ. ಎರಡೂ ಮುಖಕ್ಕೆ ಹಾಕಿಕೊಂಡು ಒಳಗಿನ ಸಣ್ಣ ದೀಪಗಳ ಬೆಳಕನ್ನು ಚರ್ಮಕ್ಕೆ ಬಿಡುವಂಥವು. ಒಂದು ಏಳು ಬಣ್ಣ ಬರುವ ಗಟ್ಟಿ ಪ್ಲಾಸ್ಟಿಕ್ ಮಾಸ್ಕ್, ಮೂರು ಸಾವಿರದ ಒಳಗೆ. ಇನ್ನೊಂದು ಅಮೆರಿಕದಿಂದ ಅಣ್ಣ ತರುತ್ತೇನೆ ಎಂದ ಮೆತ್ತನೆ ಸಿಲಿಕೋನ್ ಮಾಸ್ಕ್, ಅದರ ಹತ್ತು ಪಟ್ಟು ಬೆಲೆ. ಮುಖದ ಸುಕ್ಕಿಗೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ಅತ್ತೆ ಅದರ ಕೆಳಗೆ ‘ಇದೆಲ್ಲ ಸುಮ್ನೆ ದುಡ್ಡು ಹಾಳು’ ಅಂತ ಬರೆದಿದ್ದಾರೆ. ಹೇಳುವುದು ಸ್ವಲ್ಪ ಉದ್ದ ಇದೆ, ಕೆಲಸ ಮುಗಿಸಿ ನಿಧಾನಕ್ಕೆ ಕೇಳು. ಕಾರವಾರದಲ್ಲಿ ಮೆಡಿಕಲ್ ಶಾಪ್ ಕೌಂಟರಿನಲ್ಲಿ ನಿಂತ ನನಗೆ ಈ ಪ್ರಶ್ನೆ ಈಗೀಗ ಜಾಸ್ತಿ ಬರುತ್ತಿದೆ.

ಅತ್ತೆ, ಪೂರ್ತಿ ಸುಳ್ಳಲ್ಲ ಇದು. ಬೆಳಕಿನ ಅಲೆಯ ಉದ್ದವನ್ನು ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. 630 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು, ಕಣ್ಣಿಗೆ ಕಾಣದ 830ರ ಇನ್‌ಫ್ರಾರೆಡ್, ಈ ಎರಡರ ಮೇಲೆ ಪರೀಕ್ಷೆಗಳು ಆಗಿವೆ. 2014ರಲ್ಲಿ ಜರ್ಮನಿಯವರು 136 ಜನರ ಮೇಲೆ ಕೆಂಪು ಬೆಳಕನ್ನು ನೋಡಿದರು. ವಾರಕ್ಕೆ ಎರಡು ಸಲ, ಒಟ್ಟು 30 ಸಲ. ಬೆಳಕು ತಗೊಂಡವರ ಚರ್ಮ ನಯವಾಯಿತು, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಹೆಚ್ಚಿತು. ಆದರೆ ಅದು ದೊಡ್ಡ ಯಂತ್ರದ ಬೆಳಕು, ಮನೆಯ ಮಾಸ್ಕ್ ಅಲ್ಲ. ಮನೆಯಲ್ಲಿ ಬಳಸುವವರಿಗೆ ಸಣ್ಣ ಗೆರೆ ಸ್ವಲ್ಪ ಕಡಿಮೆಯಾಗಬಹುದು, ಚರ್ಮ ಸ್ವಲ್ಪ ನುಣುಪಾಗಬಹುದು, ಅದೂ ಎರಡು ಮೂರು ತಿಂಗಳು ಬಿಡದೆ ಹಾಕಿದರೆ. ಜೋತುಬಿದ್ದ ಗಲ್ಲ ಮೇಲೆ ಬರುವುದಿಲ್ಲ. ಮೂಗಿನ ಪಕ್ಕದ ಆಳದ ಗೆರೆ ಹೋಗುವುದಿಲ್ಲ. ಇದನ್ನು ಒಪ್ಪಿಕೊಂಡು ತಗೊಂಡರೆ ಬೇಜಾರಾಗುವುದಿಲ್ಲ.

ಈಗ ಆ ಏಳು ಬಣ್ಣದ್ದು. ನಿನಗೆ ಬೇಕಾದದ್ದು ಎರಡೇ ಬೆಳಕು, ಅದರಲ್ಲಿ ಒಂದು ಕಣ್ಣಿಗೇ ಕಾಣುವುದಿಲ್ಲ. ಹಸಿರು, ನೇರಳೆ, ಹಳದಿಗೆ ಸುಕ್ಕಿನ ವಿಷಯದಲ್ಲಿ ಅಷ್ಟು ಆಧಾರ ಇಲ್ಲ. ಬಣ್ಣ ಎಷ್ಟು ಅಂತ ದೊಡ್ಡದಾಗಿ ಬರೆದು, ನ್ಯಾನೋಮೀಟರ್ ಬರೆಯದೇ ಇರುವ ಡಬ್ಬಿಯನ್ನು ನಂಬಬೇಡ. ಇನ್ನೊಂದು ಸಂಖ್ಯೆಯೂ ಇರಬೇಕು, ಒಂದು ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್ ಅಂತ, ಅಂದರೆ ಬೆಳಕು ಎಷ್ಟು ಜೋರು ಅಂತ. 30 ಮಿಲಿವ್ಯಾಟ್ ಇದ್ದರೆ ಹತ್ತು ನಿಮಿಷಕ್ಕೆ ಚರ್ಮದ ಅಷ್ಟು ಜಾಗಕ್ಕೆ 18 ಜೌಲ್ ಶಕ್ತಿ ಸಿಗುತ್ತದೆ. ಬರೀ 5 ಮಿಲಿವ್ಯಾಟ್ ಇದ್ದರೆ ಅಷ್ಟೇ ಬೆಳಕು ಸಿಗಲು ಒಂದು ಗಂಟೆ ಮಲಗಿರಬೇಕು. ಅಗ್ಗದವುಗಳಲ್ಲಿ ಈ ಸಂಖ್ಯೆ ಹುಡುಕಿದರೂ ಸಿಗುವುದಿಲ್ಲ. ಹಾಗಂತ ಜಾಸ್ತಿ ಹೊತ್ತು ಹಾಕಿದರೆ ಜಾಸ್ತಿ ಲಾಭ ಅಂತಲೂ ಇಲ್ಲ. ಒಂದು ಮಟ್ಟ ದಾಟಿದರೆ ಫಲ ಕಡಿಮೆಯೇ ಆಗುತ್ತದೆ. ಕಂಪನಿ ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ನಿನ್ನ ಕೆನ್ನೆಯದು, ಚಿಕ್ಕಮ್ಮ. ಮದುವೆ ಮನೆಯಲ್ಲಿ ಹತ್ತಿರದಿಂದ ನೋಡಿದೆ. ಎರಡೂ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಕಂದು ಮಚ್ಚೆ ಹರಡಿದೆ. ಅದು ಬಂಗು ಅನ್ನಿಸುತ್ತದೆ. ಬಂಗಿಗೆ ಬಿಸಿಲು ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಶಾಖವೂ ಆಗುವುದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಆಗಲಿಕ್ಕಿಲ್ಲ, ಅದರಲ್ಲೂ ನೀಲಿ. ನಮ್ಮಂಥ ಬಣ್ಣದ ಚರ್ಮದವರಿಗೆ ನೀಲಿ-ನೇರಳೆ ಬೆಳಕು ಕಪ್ಪು ಕಲೆ ತರುತ್ತದೆ ಅಂತ ಪರೀಕ್ಷೆಯಲ್ಲಿ ಕಂಡಿದೆ. ಕೆಂಪಿನಿಂದ ಆ ಥರ ಕಲೆ ಬರಲಿಲ್ಲ. ಆದರೆ ಬಂಗು ಇರುವವರು ಇನ್‌ಫ್ರಾರೆಡ್ ಶಾಖದ ಮಾಸ್ಕನ್ನು ಡಾಕ್ಟ್ರನ್ನು ಕೇಳದೆ ಹಾಕಬಾರದು. ನೀನು ಅಡಿಕೆ ಬೇಯಿಸುವ ದಿನಗಳಲ್ಲಿ ಹಂಡೆಯ ಮುಂದೆ ಬೆಳಿಗ್ಗೆಯಿಂದ ಮುಖ ಸುಟ್ಟುಕೊಂಡು ನಿಲ್ಲುತ್ತೀಯ. ಆಮೇಲೆ ಅಂಗಳದಲ್ಲಿ ಅಡಿಕೆ ಕೆದಕುತ್ತಾ ಕೂರುತ್ತೀಯ. ಆ ಉರಿ, ಆ ಬಿಸಿಲಿನ ಮೇಲೆ ಸಂಜೆ ಈ ಮಾಸ್ಕ್ ಬೇರೆ ಅಂದರೆ ನನಗೆ ಮನಸ್ಸು ಒಪ್ಪುವುದಿಲ್ಲ. ಆ ಏಳು ಬಣ್ಣದ ಮಾಸ್ಕ್‌ನಲ್ಲಿ ನೀಲಿಯೂ ಇದೆಯಲ್ಲ, ಅದಕ್ಕೇ ಅದು ಬೇಡವೇ ಬೇಡ.

ಮಾತ್ರೆಗಳ ವಿಷಯ. ನಿನ್ನ ಬಿಪಿ ಮಾತ್ರೆಯ ಪಟ್ಟಿ ತೆಗೆದು ನೋಡು. ಹೆಸರಿನ ಕೊನೆಗೆ ‘ಎಚ್’ ಅಂತ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಜೈಡ್ ಇರುತ್ತದೆ. ಅದು ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುವ ಮದ್ದು. ಮಳೆಗಾಲದಲ್ಲಿ ಇಲಿಜ್ವರ ಬರದಿರಲಿ ಅಂತ ತೋಟಕ್ಕೆ ಹೋಗುವವರಿಗೆ ಕೆಲವು ಸಲ ಡಾಕ್ಸಿಸೈಕ್ಲಿನ್ ಕೊಡುತ್ತಾರಲ್ಲ, ಅದೂ ಹಾಗೆಯೇ. ಇವು ಮುಖ್ಯವಾಗಿ ಬಿಸಿಲಿಗೆ ತೊಂದರೆ ಮಾಡುವಂಥವು, ಆದರೂ ಮಾಸ್ಕ್ ಮಾಡುವ ಕಂಪನಿಗಳೇ ಇಂಥ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟ್ರನ್ನು ಕೇಳಿ ಅಂತ ಬರೆಯುತ್ತವೆ. ಮಾಸ್ಕ್ ಆಸೆಗೆ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡ.

ಕಣ್ಣು ಇನ್ನೂ ಮುಖ್ಯ. 2019ರಲ್ಲಿ ನ್ಯೂಟ್ರೋಜೀನಾ ಕಂಪನಿ ತನ್ನ ಮೊಡವೆಯ ಲೈಟ್ ಮಾಸ್ಕನ್ನು ಮಾರುಕಟ್ಟೆಯಿಂದ ವಾಪಸ್ ತಗೊಂಡಿತು. ಕೆಲವು ಕಣ್ಣಿನ ಕಾಯಿಲೆ ಇರುವವರಿಗೆ, ಕೆಲವು ಮಾತ್ರೆ ತಗೊಳ್ಳುವವರಿಗೆ ಕಣ್ಣಿಗೆ ಅಪಾಯ ಆಗಬಹುದು ಅಂತ. ಕಣ್ಣಿನ ಸುತ್ತ ಸರಿಯಾಗಿ ಮುಚ್ಚುವ ಸಿಲಿಕೋನ್ ಅಂಚು ಇರಬೇಕು, ಇಲ್ಲವೇ ಜೊತೆಗೆ ಕನ್ನಡಕ ಕೊಟ್ಟಿರಬೇಕು. ಚಿಕ್ಕಪ್ಪನಿಗೆ ಗ್ಲಾಕೋಮಾ ಇದೆಯಲ್ಲ, ಅವರು ಸುಮ್ನೆ ಒಮ್ಮೆ ನೋಡುತ್ತೇನೆ ಅಂತ ಹಾಕಿಕೊಳ್ಳುವುದು ಬೇಡ.

ಡಬ್ಬಿಯ ಮೇಲೆ ಎಫ್‌ಡಿಎ, ಅಂದರೆ ಮದ್ದು ಮತ್ತು ಇಂಥ ಸಾಧನಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆಯ ಹೆಸರು, ಬರೆದಿದ್ದಾರೆ ಅಂತ ಬೇಗ ನಂಬಬೇಡ. ‘ರಿಜಿಸ್ಟರ್ಡ್’ ಅಂದರೆ ಕಂಪನಿ ಹೆಸರು ನೋಂದಾಯಿಸಿದೆ, ಅಷ್ಟೇ. ‘ಕ್ಲಿಯರ್ಡ್’ ಅಂದರೆ ಆ ವಸ್ತುವಿನ ಕಾಗದಪತ್ರ ನೋಡಿ ಮಾರಲು ಒಪ್ಪಿಗೆ ಕೊಟ್ಟಿದ್ದಾರೆ. ಅದಕ್ಕೆ ‘ಕೆ’ ಅಕ್ಷರ, ಅದಾದ ಮೇಲೆ ಆರು ಅಂಕಿ ಇರುವ ನಂಬರ್ ಇರುತ್ತದೆ, ಎಫ್‌ಡಿಎ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಅಣ್ಣ ಹೇಳಿದ ಸಿಲಿಕೋನ್ ಮಾಸ್ಕ್, ಅಂದರೆ ಆಮ್ನಿಲಕ್ಸ್ ಕಂಪನಿಯ ಸುಕ್ಕಿನ ಮಾಸ್ಕ್‌ನಲ್ಲಿ 633 ಮತ್ತು 830 ಎರಡೂ ಇವೆ, ಹತ್ತು ನಿಮಿಷದ್ದು. ಕೊಳ್ಳುವುದೇ ಆದರೆ ಇಂಥದ್ದು. ಆದರೆ ಅಲ್ಲಿ ತಗೊಂಡದ್ದು ಇಲ್ಲಿ ಕೆಟ್ಟರೆ ವಾರಂಟಿ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಬೇಕು. ಮೂವತ್ತು ಸಾವಿರ ಸಣ್ಣ ಮೊತ್ತ ಅಲ್ಲ.

ನನ್ನನ್ನು ಕೇಳಿದರೆ ಮಾಸ್ಕ್ ಕೊನೆಗೆ ಬರಬೇಕಾದದ್ದು. ಮೊದಲು ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಮೇಲೆ, ಚರ್ಮದ ಬಣ್ಣದ ಛಾಯೆ ಇರುವುದು. ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗಿಗೆ ಅದೇ ಬೇಕು. ಬೆವರಿದರೆ ಮತ್ತೆ ಹಚ್ಚಬೇಕು. ಆಮೇಲೆ ಡಾಕ್ಟ್ರು ಒಪ್ಪಿದರೆ ರಾತ್ರಿಗೆ ಟ್ರೆಟಿನಾಯಿನ್ ಅನ್ನುವ ಹಚ್ಚುವ ಕ್ರೀಮ್. ಸುಕ್ಕಿಗೆ ಅದರಷ್ಟು ವರ್ಷಗಳ ಆಧಾರ ಈ ಮಾಸ್ಕ್‌ಗಳಿಗೆ ಇಲ್ಲ, ಬೆಲೆಯೂ ಕೆಲವೇ ನೂರು ರೂಪಾಯಿ. ಮತ್ತೆ ಆ ಪಕ್ಕದ ಮನೆಯವರು ಕೊಟ್ಟ ಬೆಳ್ಳಗಾಗುವ ಕ್ರೀಮ್ ಇನ್ನೂ ಹಚ್ಚುತ್ತಿದ್ದರೆ ಟ್ಯೂಬಿನ ಹಿಂಬದಿಯ ಫೋಟೋ ಕಳಿಸು. ಅಂಥದ್ದರಲ್ಲಿ ಸ್ಟೀರಾಯ್ಡ್ ಇರುವುದು ಬಹಳ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಆಮೇಲೆ ಯಾವ ಮಾಸ್ಕೂ ಸರಿ ಮಾಡಲಾರದು.

ಅಣ್ಣ ಬರುವುದು ದೀಪಾವಳಿಗೆ ತಾನೇ? ಅಷ್ಟರೊಳಗೆ ಶಿರಸಿಯಲ್ಲೇ ಚರ್ಮದ ಡಾಕ್ಟ್ರಿಗೆ ಕೆನ್ನೆ ತೋರಿಸಿ ಬಾ. ಹೋಗುವಾಗ ಎಲ್ಲ ಮಾತ್ರೆ ಪಟ್ಟಿಯೂ ಕೈಯಲ್ಲಿರಲಿ. ಅಣ್ಣ, ನೀನೂ ಇದನ್ನು ಕೇಳುತ್ತಿದ್ದರೆ, ಡಾಕ್ಟ್ರು ಹೂಂ ಅನ್ನುವ ತನಕ ಆರ್ಡರ್ ಮಾಡಬೇಡ, ಮಾಡುವ ಮೊದಲು ಆ ‘ಕೆ’ ನಂಬರ್ ಇಲ್ಲೇ ಗ್ರೂಪಿಗೆ ಹಾಕು, ನಾನು ನೋಡಿ ಹೇಳುತ್ತೇನೆ.