ಫರ್ನೇಸಿನ ಸೆರಾಮಿಕ್ ವೂಲ್ ಇ-ಸಿಗರೇಟಿನ ಬತ್ತಿಗೆ ಆಗುತ್ತದಾ?

ವಿಜಯನಗರದ ಅಕ್ಕ:
ನನ್ನ ತಮ್ಮನಿಗೆ 24 ವರ್ಷ, ಪೀಣ್ಯದಲ್ಲಿ ಕೆಲಸ. ಹಳೇ ಇ-ಸಿಗರೇಟು ಇಟ್ಟುಕೊಂಡಿದ್ದಾನೆ, ಅದರೊಳಗೆ ದ್ರವ ಕಾಯಿಸುವ ತಂತಿ ಸುರುಳಿ, ಅಂದರೆ ಕಾಯಿಲ್, ತಾನೇ ಸುತ್ತುತ್ತಾನೆ. ಹತ್ತಿ ಬತ್ತಿ ಬೇಗ ಕರಕಲಾಗುತ್ತದೆ ಅಂತ ಫ್ಯಾಕ್ಟರಿಯಿಂದ ಬಿಳಿ ಸೆರಾಮಿಕ್ ವೂಲ್ ತುಂಡು ತಂದಿದ್ದಾನೆ. "1260 ಡಿಗ್ರಿ ತಡೆಯುತ್ತೆ ಅಕ್ಕ, ಸುಡೋದೇ ಇಲ್ಲ" ಅನ್ನುತ್ತಾನೆ. ಅಡುಗೆಮನೆ ಕಟ್ಟೆ ಮೇಲೆ ಕತ್ತರಿಸುತ್ತಾ ಕೂತಿದ್ದ. ನನಗೆ ಭಯವಾಗಿದೆ.

ಪೀಣ್ಯ 2ನೇ ಹಂತ:
ಅದನ್ನು ಇವತ್ತೇ ನಿಲ್ಲಿಸಿ ಅಮ್ಮಾ. 19 ವರ್ಷ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಫರ್ನೇಸ್ ಲೈನಿಂಗ್, ಅಂದರೆ ಕುಲುಮೆಯ ಒಳಗೋಡೆಗೆ ಬಿಸಿ ತಡೆಯುವ ಹೊದಿಕೆ, ಹಾಕಿದವನು ನಾನು. 1260 ಅನ್ನುವುದು ಬಿಸಿ ತಡೆಯುವ ಲೆಕ್ಕ. ಉಸಿರಿಗೆ ಒಳ್ಳೆಯದು ಅಂತ ಅದರ ಅರ್ಥವಲ್ಲ.

ಆ ವೂಲ್ ಅಂದರೆ ಅಲ್ಯೂಮಿನಾ, ಸಿಲಿಕಾ ಕರಗಿಸಿ ಮಾಡಿದ ಗಾಜಿನಂಥ ಎಳೆ. ಹಿಸುಕಿದರೆ ಮುರಿಯುತ್ತದೆ. 3 ಮೈಕ್ರಾನ್‌ಗಿಂತ ತೆಳುವಾದ ಎಳೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರಬಹುದಾದ 2ಬಿ ಗುಂಪಿನಲ್ಲಿ ಇಟ್ಟಿದೆ. ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಹಾಕಿಯೂ ಸಂಜೆ ನಮ್ಮ ಕುತ್ತಿಗೆ ಕಡಿಯುತ್ತಿತ್ತು. ನಿಮ್ಮ ತಮ್ಮ ಅದರೊಳಗಿಂದಲೇ ಉಸಿರು ಎಳೆಯುತ್ತಿದ್ದಾನೆ!

ಒಂದು ವಿಷಯ ಕೇಳಿ ನೋಡಿ. ಆ ತುಂಡು ಹೊಸದಾ, ಕಿತ್ತ ಲೈನಿಂಗಾ? 1000 ಡಿಗ್ರಿ ದಾಟಿ ಬಹಳ ಕಾಲ ಕಾದ ವೂಲ್‌ನಲ್ಲಿ ಕ್ರಿಸ್ಟೋಬಲೈಟ್ ಅನ್ನುವ ಸಿಲಿಕಾ ಹರಳು ಹುಟ್ಟುತ್ತದೆ. ಅದರ ಧೂಳು ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತ. ಹಳೇ ಲೈನಿಂಗ್ ಕೀಳುವ ದಿನವೇ ನಮಗೆ ಜಾಸ್ತಿ ಭಯ.

ಕಟ್ಟೆಯನ್ನು ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಸಮೇತ ಕವರಿನಲ್ಲಿ ಕಟ್ಟಿ ಬಿಸಾಕಿ.

ಬಸವನಗುಡಿ ಹುಡುಗ:
ಸರ್, ಸೆರಾಮಿಕ್ ಕಾಯಿಲ್ ಅಂತಲೇ ಬರುತ್ತಿತ್ತಲ್ವಾ?

ಪೀಣ್ಯ 2ನೇ ಹಂತ:
ಅದು ಬೇರೆ ಮಾಲು ಕಣಪ್ಪ. ಸುಟ್ಟು ಗಟ್ಟಿ ಮಾಡಿದ, ಸಣ್ಣ ರಂಧ್ರಗಳ ತುಂಡು. ಉದುರುವ ವೂಲ್ ಅಲ್ಲ. ಅದನ್ನೂ ಸೇದು ಅಂತ ನಾನು ಹೇಳುವುದಿಲ್ಲ.

ಜಯನಗರ 4ನೇ ಬ್ಲಾಕ್:
ಇ-ಸಿಗರೇಟು ಮಾರುವುದೇ 2019ರಿಂದ ದೇಶದಲ್ಲೆಲ್ಲ ನಿಷೇಧ. ಬಿಡಿಸುವುದಕ್ಕೆ ಸಹಾಯವಾಣಿ ಇದೆ, 1800-11-2356, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನಲ್ಲೂ ಚಟ ಬಿಡಿಸುವ ವಿಭಾಗವಿದೆ. ಬೈಯದೆ ಮಾತಾಡಿ ಅಕ್ಕ.

ವಿಜಯನಗರದ ಅಕ್ಕ:
ಕಿತ್ತ ಲೈನಿಂಗೇ ಅಂತೆ. ಅಣ್ಣ ಬರೆದದ್ದನ್ನು ಅವನಿಗೇ ಓದಿಸಿದೆ. ಸುಮ್ಮನೆ ಎದ್ದು ಹೋಗಿ ಬಟ್ಟೆ ನೆನೆಸಿ ತಂದ. ಸೋಮವಾರ ರಜೆ ಹಾಕಿ ಇಬ್ಬರೂ ನಿಮ್ಹಾನ್ಸ್‌ಗೆ ಹೋಗುತ್ತಿದ್ದೇವೆ.