ಪದಚರ್ಚೆ: ‘ತೋಟಗಾರ’, ‘ಮಾಲಿ’, ‘ಉದ್ಯಾನಪಾಲಕ’ – ಸಾರ್ವಜನಿಕ ಉದ್ಯಾನಗಳಲ್ಲಿ ದುಡಿಯುವವರಿಗೆ ಯಾವ ಹೆಸರು ಒಪ್ಪುತ್ತದೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಗರಗಳ ಸಾರ್ವಜನಿಕ ಉದ್ಯಾನಗಳನ್ನು ನೋಡಿಕೊಳ್ಳುವವರಿಗೆ ನೀಡುವ ವೃತ್ತಿ ತರಬೇತಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿದ್ದೇನೆ. ಹುಲ್ಲುಹಾಸನ್ನು ಬೆಳೆಸಿ ಕತ್ತರಿಸುವುದು, ಬೇಲಿಗಿಡಗಳನ್ನು ಒಪ್ಪವಾಗಿಡುವುದು, ಹೂಗಿಡಗಳನ್ನು ಋತುವಿಗೆ ತಕ್ಕಂತೆ ಬದಲಿಸುವುದು, ಮರಗಳ ಕೊಂಬೆಗಳನ್ನು ಜನರಿಗೆ ಅಪಾಯವಾಗದಂತೆ ತೆಗೆಯುವುದು ಇದರ ಪಾಠಗಳು. ಓದುವವರು ಶಾಲೆಯನ್ನು ಅರ್ಧಕ್ಕೆ ಬಿಟ್ಟವರೂ ಇರಬಹುದು, ಹಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದು ಈಗ ಪ್ರಮಾಣಪತ್ರಕ್ಕಾಗಿ ಬಂದವರೂ ಇರಬಹುದು. ಆದ್ದರಿಂದ ಬಳಸುವ ಪದ ಪಂಡಿತರಿಗೆ ಒಪ್ಪಿಗೆಯಾದರೆ ಸಾಲದು, ಕೈಯಲ್ಲಿ ಕತ್ತರಿ ಹಿಡಿದು ನಿಂತವರಿಗೆ ಓದಿದ ಕೂಡಲೇ ತಿಳಿಯಬೇಕು. ತೊಡಕು ಮುಖಪುಟದಲ್ಲಿಯೇ ಆರಂಭವಾಗಿದೆ: ಈ ತರಬೇತಿ ಯಾರಿಗೆ ಎಂಬುದನ್ನು ಒಂದು ಪದದಲ್ಲಿ ಹೇಳುವುದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯುವ ಪದ ‘ತೋಟಗಾರ’. ಬೆಂಗಳೂರು, ಮೈಸೂರುಗಳಲ್ಲಿ ಇದಕ್ಕೆ ಅಡ್ಡಿಯೇ ಇಲ್ಲ. ಆದರೆ ಶಿರಸಿ, ಸಿದ್ದಾಪುರ, ಸಾಗರದ ಕಡೆ ‘ಅವರು ತೋಟಗಾರರು’ ಎಂದರೆ ಅವರಿಗೆ ಅಡಿಕೆ ತೋಟವಿದೆ ಎಂದೇ ಅರ್ಥ. ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ, ಟಿಎಸ್ಎಸ್ ಎಂದು ಎಲ್ಲರೂ ಕರೆಯುವ ಸಹಕಾರಿ ಮಾರಾಟ ಸಂಘದ ಮೊದಲ ಅಕ್ಷರ ನಿಂತಿರುವುದೇ ‘ತೋಟಗಾರ್ಸ್’ ಎಂಬ ಪದಕ್ಕೆ. ಅಲ್ಲಿ ತೋಟಗಾರನೆಂದರೆ ಆಳಿಗೆ ಕೂಲಿ ಕೊಡುವವನು. ಬೆಂಗಳೂರಿನ ಉದ್ಯಾನದಲ್ಲಿ ತೋಟಗಾರನೆಂದರೆ ಕೂಲಿ ಅಥವಾ ಸಂಬಳ ಪಡೆಯುವವನು. ಒಂದೇ ಪದ ಮಲೆನಾಡು ದಾಟುವಷ್ಟರಲ್ಲಿ ಒಡೆಯನಿಂದ ಕೆಲಸಗಾರನ ಕಡೆಗೆ ಹೊರಳುತ್ತದೆ. ಕಂದಾಯದ ಭಾಷೆಯಲ್ಲಿಯೂ ಖುಷ್ಕಿ, ತರಿ, ಬಾಗಾಯ್ತು ಎಂದು ಜಮೀನನ್ನು ವಿಂಗಡಿಸುವಾಗ ಬಾಗಾಯ್ತು ಎಂದರೆ ತೆಂಗು, ಅಡಿಕೆ, ಹಣ್ಣು ಬೆಳೆಯುವ ತೋಟ; ಜನರು ಸಂಜೆ ನಡೆದಾಡುವ ಜಾಗ ಖಂಡಿತ ಅಲ್ಲ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗಾಗಿ ನಡೆಸುವ 10 ತಿಂಗಳ ತರಬೇತಿಗೂ ‘ತೋಟಗಾರಿಕೆ ತರಬೇತಿ’ ಎಂದೇ ಹೆಸರಿದೆ. ಹೀಗಿರುವಾಗ ನಮ್ಮ ಕೈಪಿಡಿಗೆ ‘ತೋಟಗಾರರ ತರಬೇತಿ’ ಎಂದು ಹೆಸರಿಟ್ಟರೆ ಮಲೆನಾಡಿನ ಓದುಗರು ಅಡಿಕೆಯ ಕೊಳೆರೋಗದ ಅಧ್ಯಾಯವನ್ನು ಹುಡುಕಿದರೆ ತಪ್ಪು ಅವರದಾಗುವುದಿಲ್ಲ.

‘ಮಾಲಿ’ ಎಂಬುದು ಎರಡನೆಯ ಪದ. ಕಚೇರಿಗಳ ಹುದ್ದೆಗಳ ಪಟ್ಟಿಯಲ್ಲಿಯೂ, ದೊಡ್ಡ ಮನೆಗಳ ಅಂಗಳದಲ್ಲಿಯೂ ಅದು ಚೆನ್ನಾಗಿ ಬೇರೂರಿದೆ. ಮೂಲದಲ್ಲಿ ಅದು ಮಾಲೆಗೆ ಸಂಬಂಧಿಸಿದ್ದು. ಹೂ ಕಟ್ಟುವವನು ಹೂ ಬೆಳೆಯುವವನಾಗಿ, ಬಳಿಕ ಗಿಡಗಳನ್ನೆಲ್ಲ ನೋಡಿಕೊಳ್ಳುವವನಾದದ್ದು ಹಿಂದಿ, ಮರಾಠಿಗಳ ಮೂಲಕ ನಮಗೂ ಬಂದಿದೆ. ಪದ ಚಿಕ್ಕದು, ಎಲ್ಲರಿಗೂ ಗೊತ್ತಿರುವುದು, ಉಚ್ಚಾರಕ್ಕೂ ಹಗುರ. ಆದರೂ ಎರಡು ಕಾರಣಗಳಿಗಾಗಿ ನನಗೆ ಹಿಂಜರಿಕೆಯಿದೆ. ಗುಡಿಸುವವರನ್ನು ಹಿಂದೆ ಕರೆಯುತ್ತಿದ್ದ ‘ಜಾಡಮಾಲಿ’ ಎಂಬ ಪದದ ನೆನಪು ಇದರೊಡನೆ ಅಂಟಿಕೊಂಡಿರುವುದು ಒಂದು. ‘ಜವಾನ, ಜಾಡಮಾಲಿ, ಮಾಲಿ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಕಚೇರಿಯ ಅಭ್ಯಾಸದಲ್ಲಿ ಮಾಲಿಗೆ ಕಸುಬುದಾರನ ಸ್ಥಾನ ಸಿಗಲೇ ಇಲ್ಲ. ಇನ್ನೊಂದು, ಹಲವು ಪ್ರಾಂತ್ಯಗಳಲ್ಲಿ ಅದು ಜಾತಿಯ ಹೆಸರೂ ಹೌದು. ಇದೇ ಕಾರಣಕ್ಕೆ ನಮ್ಮ ‘ಹೂಗಾರ’ವನ್ನೂ ಬಿಡಬೇಕಾಯಿತು. ಫಾರಸಿಯಲ್ಲಿ ತೋಟಗಾರನೆಂಬ ಅರ್ಥವೇ ಇದ್ದ ‘ಬಾಗವಾನ’ ಪದ ಉತ್ತರ ಕರ್ನಾಟಕದಲ್ಲಿ ಹಣ್ಣು, ಕಾಯಿಪಲ್ಲೆ ಮಾರುವ ಸಮುದಾಯದ ಹೆಸರಾಗಿ ನಿಂತುಬಿಟ್ಟಿದೆ.

ಅಚ್ಚಗನ್ನಡದ ಒಲವಿರುವ ಗೆಳೆಯರೊಬ್ಬರು ‘ತೋಟಿಗ’ ಎಂಬ ಪದವನ್ನು ಸೂಚಿಸಿದ್ದಾರೆ. ಹಳೆಯ ರೂಪ ‘ತೋಂಟಿಗ’. ಗದಗಿನ ತೋಂಟದಾರ್ಯ ಮಠದ ಹೆಸರಿನಲ್ಲಿ, ತೋಂಟದ ಸಿದ್ಧಲಿಂಗರ ಹೆಸರಿನಲ್ಲಿ ಆ ಬಿಂದು (ಅನುಸ್ವಾರ) ಇಂದಿಗೂ ಉಳಿದಿರುವುದನ್ನು ಬಳಗದವರು ಬಲ್ಲಿರಿ. ಒಡೆತನದ ವಾಸನೆ ‘ತೋಟಿಗ’ಕ್ಕೆ ಇಲ್ಲ, ಪದವೂ ಚೆಲುವಾಗಿದೆ. ಆದರೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ತಳವಾರ, ನೀರುಗಂಟಿಗಳ ಸಾಲಿನಲ್ಲಿ ಬರುವ ‘ತೋಟಿ’ ಎಂಬ ಊರ ಸೇವಕನ ಹುದ್ದೆಯನ್ನು ಕೇಳಿ ಬಲ್ಲವರಿಗೆ ‘ತೋಟಿಗ’ ಎಂದೊಡನೆ ಅದೇ ಕಿವಿಗೆ ಬೀಳುತ್ತದೆ. ಎರಡಕ್ಕೂ ಸಂಬಂಧವಿಲ್ಲವೆಂದು ಅಡಿಟಿಪ್ಪಣಿ ಬರೆಯಬಹುದು. ಗುರುತಿನ ಚೀಟಿಯ ಮೇಲೆ ಅಡಿಟಿಪ್ಪಣಿಗೆ ಜಾಗವಿರುವುದಿಲ್ಲ.

‘ಉದ್ಯಾನಪಾಲಕ’ ಎಂಬುದಕ್ಕೆ ಘನತೆಯಿದೆ, ಆದರೆ ಕೆಲಸ ಬೇರೆಯಾಗಿ ಕೇಳಿಸುತ್ತದೆ. ನಮ್ಮ ಹಳೆಯ ಜೈನ ಪುರಾಣಗಳಲ್ಲಿ ಬರುವ ವನಪಾಲಕ ಮುಖ್ಯವಾಗಿ ಕಾವಲಿನವನು. ಮುನಿಗಳು ವನಕ್ಕೆ ಬಂದ ಸುದ್ದಿಯನ್ನು ಅರಸನಿಗೆ ಮುಟ್ಟಿಸಿ ಉಡುಗೊರೆ ಪಡೆಯುವವನು. ಇಂದು ಅರಣ್ಯ ಇಲಾಖೆಯ ‘ಗಸ್ತು ಅರಣ್ಯ ಪಾಲಕ’ ಎಂಬ ಹುದ್ದೆಯೂ ಪಾಲಕನೆಂದರೆ ಕಾಯುವವನು ಎಂಬ ಅರ್ಥವನ್ನೇ ಗಟ್ಟಿ ಮಾಡಿದೆ. ಹೀಗಾಗಿ ಉದ್ಯಾನಪಾಲಕನೆಂದರೆ ಸೀಟಿ ಊದಿ, ಹುಲ್ಲಿನ ಮೇಲೆ ಕುಳಿತವರನ್ನು ಎಬ್ಬಿಸುವವನು ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು. ‘ಉದ್ಯಾನವನ’ ಎಂಬ ರೂಪದ ಬಗೆಗೂ ಒಂದು ಮಾತು: ಉದ್ಯಾನದಲ್ಲಿಯೇ ವನದ ಅರ್ಥ ಅಡಗಿರುವುದರಿಂದ ಅದು ದ್ವಿರುಕ್ತಿ ಎಂಬ ಆಕ್ಷೇಪ ಹಳೆಯದು. ಫಲಕಗಳಲ್ಲಿ, ಆದೇಶಗಳಲ್ಲಿ ಅದು ಎಷ್ಟು ಹರಡಿದೆಯೆಂದರೆ ಅದರೊಡನೆ ಜಗಳವಾಡುವುದು ವ್ಯರ್ಥ. ಕೈಪಿಡಿಯಲ್ಲಿ ಮಾತ್ರ ‘ಉದ್ಯಾನ’ ಎಂದಷ್ಟೇ ಇಟ್ಟುಕೊಂಡಿದ್ದೇನೆ.

ಇಲ್ಲಿ ಸ್ವಲ್ಪ ಇತಿಹಾಸ ಅಗತ್ಯ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಅದರ ಹೊಣೆ ಹೊತ್ತ ವಿಲಿಯಂ ನ್ಯೂ, ಜಾನ್ ಕ್ಯಾಮರೂನ್ ಇಬ್ಬರೂ ಲಂಡನ್ನಿನ ಕ್ಯೂ ಉದ್ಯಾನದಿಂದ ಬಂದವರು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರೂ ಕ್ಯೂನಲ್ಲಿ ಕೆಲಸ ಕಲಿತವರೇ. ಅಲ್ಲಿ ತೋಟದ ಕೆಲಸವೆಂದರೆ ಕ್ರಮವಾಗಿ ಕಲಿತು, ಪರೀಕ್ಷೆ ಕೊಟ್ಟು ಮುಂದೆ ಬರುವ ಕಸುಬು. ಗುದ್ದಲಿ ಹಿಡಿದು ಆರಂಭಿಸಿದವನು ಮೇಲಧಿಕಾರಿಯಾಗಬಹುದಿತ್ತು. ನಮ್ಮಲ್ಲಿ ಆ ವಿದ್ಯೆ ಎರಡು ಪಾಲಾಯಿತು. ಮೇಲಿನ ಪಾಲು ಪದವಿಯಾಗಿ ಕಾಲೇಜುಗಳಿಗೂ, ಮುಂದೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೂ ಹೋಯಿತು; ಕೆಳಗಿನ ಪಾಲು ಹಿರಿಯ ಮಾಲಿಯಿಂದ ಕಿರಿಯ ಮಾಲಿಗೆ ಬಾಯಿಮಾತಿನಲ್ಲಿ, ಕೈಸನ್ನೆಯಲ್ಲಿ ಸಾಗುತ್ತಾ ಉಳಿಯಿತು. ಕನ್ನಡದಲ್ಲಿ ಈ ಕೆಲಸಗಾರನಿಗೆ ಗೌರವದ ಹೆಸರು ಗಟ್ಟಿಯಾಗದಿರಲು ಇದೇ ಕಾರಣವಿರಬೇಕೆಂದು ನನ್ನ ಊಹೆ. ಈಗ ಭಾರತೀಯ ಕೃಷಿ ಕೌಶಲ ಪರಿಷತ್ತಿನ ಉದ್ಯೋಗಗಳ ಪಟ್ಟಿಯಲ್ಲಿ ‘ಗಾರ್ಡನರ್’ ಒಂದು ಪ್ರತ್ಯೇಕ ವೃತ್ತಿಯಾಗಿ ಸೇರಿರುವುದರಿಂದ ಹೆಸರಿನ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಂತಿದೆ.

ಸದ್ಯಕ್ಕೆ ನನ್ನ ಒಲವು ‘ಉದ್ಯಾನ ತೋಟಗಾರ’ ಎಂಬುದರ ಕಡೆಗಿದೆ. ಮುಖಪುಟದಲ್ಲಿಯೂ ಪ್ರಮಾಣಪತ್ರದಲ್ಲಿಯೂ ಪೂರ್ಣರೂಪವನ್ನಿಟ್ಟು, ಒಳಗಿನ ಪಾಠಗಳಲ್ಲಿ ‘ತೋಟಗಾರ’ ಎಂದಷ್ಟೇ ಬರೆದರೆ ಸಾಕಾಗುತ್ತದೆ. ಉದ್ಯಾನವೂ ತೋಟವೂ ಒಂದೇ ಆದ್ದರಿಂದ ಇದೂ ದ್ವಿರುಕ್ತಿಯೇ ಎಂದು ಯಾರಾದರೂ ಹೇಳಬಹುದು. ನಿಘಂಟಿನಲ್ಲಿ ಹೌದು, ಬಳಕೆಯಲ್ಲಿ ಅಲ್ಲ: ಉದ್ಯಾನವೆಂದರೆ ಜನರು ತಿರುಗಾಡುವ ಜಾಗ, ತೋಟವೆಂದರೆ ಫಸಲು ಬರುವ ಜಾಗ ಎಂದು ಕನ್ನಡಿಗರು ಬಹಳ ಹಿಂದೆಯೇ ಹಂಚಿಕೊಂಡುಬಿಟ್ಟಿದ್ದಾರೆ. ‘ಪೌರಕಾರ್ಮಿಕ’ದ ಮಾದರಿಯಲ್ಲಿ ‘ಉದ್ಯಾನ ಕಾರ್ಮಿಕ’ ಎನ್ನಬಹುದೆಂಬ ಸಲಹೆಯೂ ಬಂದಿದೆ. ಪೌರಕಾರ್ಮಿಕ ಎಂಬುದು ಅವಮಾನದ ಹಳೆಯ ಹೆಸರುಗಳನ್ನು ಪಕ್ಕಕ್ಕೆ ಸರಿಸಿದ ಒಳ್ಳೆಯ ಪದ. ಆದರೆ ಉದ್ಯಾನದಲ್ಲಿ ಮಣ್ಣು ಹೊರುವವರೂ ಕಾರ್ಮಿಕರೇ, ಗುಲಾಬಿಗೆ ಕಣ್ಣು ಕಸಿ ಮಾಡಬಲ್ಲವರೂ ಕಾರ್ಮಿಕರೇ. ತರಬೇತಿ ಪಡೆದುದರಿಂದ ಬಂದ ವ್ಯತ್ಯಾಸವನ್ನು ಆ ಪದ ತೋರಿಸದು.

ಸ್ತ್ರೀರೂಪದ ಪ್ರಶ್ನೆಯೂ ಇದೆ. ಕಳೆ ಕೀಳುವುದರಿಂದ ಹಿಡಿದು ಸಸಿ ಕೂರಿಸುವವರೆಗೆ ಉದ್ಯಾನಗಳಲ್ಲಿ ಹೆಂಗಸರೇ ಹೆಚ್ಚಾಗಿ ಕಾಣುತ್ತಾರೆ. ಹಾಡುಗಾರ್ತಿಯಂತೆ ‘ತೋಟಗಾರ್ತಿ’ ಎನ್ನಬಹುದು, ಹೂವಾಡಗಿತ್ತಿಯ ಜಾಡಿನಲ್ಲಿ ‘ತೋಟಗಿತ್ತಿ’ಯನ್ನೂ ಕಟ್ಟಬಹುದು. ನಾನು ಎಲ್ಲ ಕಡೆಯೂ ಬಹುವಚನದಲ್ಲಿ ‘ತೋಟಗಾರರು’ ಎಂದು ಬರೆದು ಈ ತೊಡಕಿನಿಂದ ನುಣುಚಿಕೊಂಡಿದ್ದೇನೆ. ಪ್ರಮಾಣಪತ್ರದಲ್ಲಿ ಒಬ್ಬರ ಹೆಸರು ಬರೆಯುವಾಗ ಆ ಉಪಾಯ ನಡೆಯುವುದಿಲ್ಲ.

ಇನ್ನು ಒಳಗಿನ ಪಾಠಗಳಿಗೆ ಬರುತ್ತೇನೆ. ಹೆಚ್ಚು ಕಾಡಿರುವುದು ಕೊಂಬೆ ತೆಗೆಯುವ ಕೆಲಸದ ಹೆಸರು. ಬಯಲುಸೀಮೆಯಲ್ಲಿ ‘ಕಸಿ’ ಎಂದರೆ ಒಂದು ಗಿಡದ ಕುಡಿಯನ್ನು ಇನ್ನೊಂದರ ಬೇರಿನ ಭಾಗಕ್ಕೆ ಕೂಡಿಸುವುದು. ಕಸಿ ಮಾವು, ಕಸಿ ಸಪೋಟ ಎಲ್ಲರಿಗೂ ಗೊತ್ತು. ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ‘ಕಸಿ’ ಎಂದರೆ ಬೇಡದ ರೆಂಬೆಗಳನ್ನು ಕತ್ತರಿಸುವುದು. ನೆರಳಿನ ಮರಗಳ ಕೊಂಬೆ ಇಳಿಸುವುದಕ್ಕೆ ‘ಮರಗಸಿ’ ಎಂದೇ ಹೆಸರು. ಒಂದು ಕಡೆ ಕೂಡಿಸುವುದು, ಇನ್ನೊಂದು ಕಡೆ ಕಡಿಯುವುದು. ‘ಗುಲಾಬಿ ಗಿಡಗಳಿಗೆ ಕಸಿ ಮಾಡಿರಿ’ ಎಂದು ಬರೆದರೆ ಇಬ್ಬರು ಓದುಗರು ಎರಡು ಬೇರೆ ಸಲಕರಣೆಗಳನ್ನು ಕೈಗೆತ್ತಿಕೊಳ್ಳುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಮರಾಠಿಯಿಂದ ಬಂದ ‘ಚಾಟನಿ’ಯನ್ನು ಬಳಸುತ್ತಾರೆ, ದಕ್ಷಿಣದಲ್ಲಿ ಅದನ್ನು ಕೇಳಿದವರು ಕಡಿಮೆ. ಬೆಂಗಳೂರಿನ ಉದ್ಯಾನಗಳಲ್ಲಿ ಬಾಯಲ್ಲಿ ಓಡಾಡುವುದು ‘ಕಟಿಂಗ್’, ಆದರೆ ಹೊಸ ಗಿಡ ಮಾಡಲು ನೆಡುವ ತುಂಡಿಗೂ ಅದೇ ಹೆಸರು.

ಉಳಿದದ್ದು ‘ಸವರು’. ಇಲಾಖೆಯ ಕರಪತ್ರಗಳಲ್ಲಿಯೂ ಇದೇ ರೂಢಿ. ಪಾಠದಲ್ಲಿ ಇದನ್ನು ಬಳಸಿ ನೋಡಿದಾಗ ಬಂದ ವಾಕ್ಯ ಹೀಗಿತ್ತು: ‘ಕೊಂಬೆಯನ್ನು ಸವರಿದ ಬಳಿಕ ಆ ಜಾಗಕ್ಕೆ ಬೋರ್ಡೋ ಮುಲಾಮನ್ನು ಸವರಬೇಕು.’ ಮೊದಲ ಸವರುವಿಕೆ ಕಡಿಯುವುದು, ಎರಡನೆಯದು ಶಿಲೀಂಧ್ರ ತಡೆಯುವ ಆ ಮುಲಾಮನ್ನು ಹಚ್ಚುವುದು. ಸಂದರ್ಭದಿಂದ ಅರ್ಥವಾಗುತ್ತದೆ, ನಿಜ. ಆದರೆ ಕೈಪಿಡಿಯ ವಾಕ್ಯ ಓದುಗರನ್ನು ನಗಿಸಬಾರದು. ಎರಡನೆಯದನ್ನು ‘ಹಚ್ಚಬೇಕು’ ಎಂದು ಬದಲಿಸಿ, ಮೊದಲನೆಯದನ್ನು ಹಾಗೆಯೇ ಇಟ್ಟಿದ್ದೇನೆ. ಸಿಕೇಚರ್‌ನಿಂದ (ರೆಂಬೆ ಕತ್ತರಿಸುವ ಕೈಗತ್ತರಿಯಿಂದ) ಕತ್ತರಿಸಬಹುದಾದ ಸಣ್ಣ ರೆಂಬೆಗಷ್ಟೇ ‘ಸವರು’ ಎಂದೂ, ಗರಗಸ ಬೇಕಾಗುವ ದಪ್ಪ ಕೊಂಬೆಗೆ ‘ಇಳಿಸು’ ಎಂದೂ ಭೇದ ಮಾಡಬಹುದೇ ಎಂಬುದು ನನ್ನ ಪ್ರಶ್ನೆ. ಕೆಲಸದಲ್ಲಿಯೇ ಆ ಭೇದವಿದೆ. ದಪ್ಪ ಕೊಂಬೆಯನ್ನು ಒಂದೇ ಬಾರಿಗೆ ಮೇಲಿನಿಂದ ಕೊಯ್ದರೆ ಅದು ತನ್ನ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನು ಸೀಳಿಕೊಂಡೇ ಬೀಳುತ್ತದೆ. ಆದ್ದರಿಂದ ಕಾಂಡದಿಂದ ಗೇಣು ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ ಕೊಯ್ದು ಕೊಂಬೆಯನ್ನು ಬೀಳಿಸಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ ತೆಗೆಯಬೇಕು. ಗಾಯವನ್ನು ಮುಚ್ಚಿಕೊಳ್ಳುವ ಹೊಸ ತೊಗಟೆ ಹುಟ್ಟುವುದು ಆ ಉಬ್ಬಿನಿಂದಲೇ. ಆ ಉಬ್ಬಿಗೆ ಕನ್ನಡದಲ್ಲಿ ಕೆಲಸಗಾರರು ಹೇಳುವ ಹೆಸರೊಂದು ಇದ್ದರೆ ದಯವಿಟ್ಟು ತಿಳಿಸಿರಿ. ‘ಕೊಂಬೆಯ ಕೊರಳಪಟ್ಟಿ’ ಎಂದು ಕರಡಿನಲ್ಲಿದ್ದುದನ್ನು ನಾನೇ ಹೊಡೆದು ಹಾಕಿದ್ದೇನೆ.

‘ಗಿಡ’ದ ವಿಷಯ ಚುಟುಕಾಗಿ. ಧಾರವಾಡದ ಕಡೆ ದೊಡ್ಡ ಬೇವಿನ ಮರವೂ ಗಿಡವೇ. ಮೈಸೂರಿನ ಕಡೆ ಗಿಡವೆಂದರೆ ಎದೆಯೆತ್ತರಕ್ಕೆ ನಿಲ್ಲುವಂಥದ್ದು. ‘ಗಿಡದ ಮೇಲ್ಭಾಗವನ್ನು ಸಮವಾಗಿ ಕತ್ತರಿಸಿ’ ಎಂಬ ಸೂಚನೆಯನ್ನು ಮರಕ್ಕೆ ಅನ್ವಯಿಸಿದರೆ ಮರ ಉಳಿಯುವುದು ಕಷ್ಟ. ಹೀಗಾಗಿ ಪ್ರತಿ ಪಾಠದಲ್ಲಿಯೂ ‘ಬೇಲಿಗಿಡ’, ‘ಹೂಗಿಡ’, ‘ಮರ’ ಎಂದು ಬಿಡಿಸಿ ಬರೆದಿದ್ದೇನೆ.

ಕೊನೆಯದಾಗಿ ‘ಪಾತಿ’ ಮತ್ತು ‘ಮಡಿ’. ಗಿಡದ ಬುಡದ ಸುತ್ತ ನೀರು ನಿಲ್ಲಲು ಮಾಡುವ ತಗ್ಗಿಗೆ ಪಾತಿ ಎಂದೂ, ಹೂಗಿಡಗಳನ್ನು ಒತ್ತಾಗಿ ನೆಡಲು ಅಗೆದು ಹದ ಮಾಡಿದ ನೆಲಕ್ಕೆ ಮಡಿ ಎಂದೂ ನಾನು ಬಳಸಿದ್ದೇನೆ. ಆದರೆ ‘ಹೂಪಾತಿ’ ಎಂಬ ರೂಪ ಬರಹದಲ್ಲಿ ಸಾಕಷ್ಟು ಕಾಣುತ್ತದೆ, ಆಗ ಪಾತಿಯೇ ಮಡಿಯ ಅರ್ಥವನ್ನು ಪಡೆಯುತ್ತದೆ. ನಿಮ್ಮ ನಿಮ್ಮ ಊರುಗಳಲ್ಲಿ ಇವೆರಡನ್ನು ಬೇರೆ ಬೇರೆಯಾಗಿ ಹೇಳುತ್ತಾರೆಯೇ, ಹೇಳುವುದಾದರೆ ಯಾವುದು ತಗ್ಗು, ಯಾವುದು ಎತ್ತರ ಎಂಬುದನ್ನು ಊರಿನ ಹೆಸರಿನೊಡನೆ ಬರೆದರೆ ಉಪಕಾರವಾಗುತ್ತದೆ. ನಿಘಂಟಿನ ಅರ್ಥಗಳನ್ನು ನೋಡಿಕೊಂಡಿದ್ದೇನೆ. ನನಗೆ ಬೇಕಾಗಿರುವುದು ಕೆಲಸ ಮಾಡುವವರ ಬಾಯಿಂದ ನೀವು ಕೇಳಿದ ಬಳಕೆ.