ಅಪ್‌ಡೇಟ್: ಈಕ್ವಟೋರಿಯಲ್ ಮೌಂಟ್ ಕೊನೆಗೂ ಸರಿಯಾಗಿ ಕೂತಿತು

ಈಕ್ವಟೋರಿಯಲ್ ಮೌಂಟ್ ಅಂದರೆ ನಕ್ಷತ್ರಗಳ ಜೊತೆಗೇ ಟೆಲಿಸ್ಕೋಪ್ ತಿರುಗಿಸುವ ಸ್ಟ್ಯಾಂಡ್; ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗೆ ಇರಬೇಕು. ವಿಜಯಪುರದ ನಮ್ಮ ಮಾಳಿಗೆ ಮೇಲೆ ಅದನ್ನು ಕೂರಿಸಲು ಎರಡು ತೊಂದರೆ ಅಂತ ಹಿಂದೆ ಕೇಳಿದ್ದೆ: ಟೆಲಿಸ್ಕೋಪ್‌ಗೆ ಸಮತೋಲನ ಕೊಡುವ ತೂಕದ ಕಂಬಿ ಟ್ರೈಪಾಡ್ ಕಾಲಿಗೆ ತಾಗುತ್ತದೆ, ಧ್ರುವ ನಕ್ಷತ್ರ ಕಾಣುವುದಿಲ್ಲ. ಎರಡೂ ಬಗೆಹರಿದವು.

ಟ್ರೈಪಾಡ್ ತಿರುಗಿಸಿ ಅಂದವರಿಗೆ ಥ್ಯಾಂಕ್ಸ್. ಉತ್ತರಕ್ಕಿದ್ದ ಒಂಟಿ ಕಾಲು ಈಗ ದಕ್ಷಿಣಕ್ಕಿದೆ. ತೂಕ ಉಳಿದೆರಡು ಕಾಲುಗಳ ನಡುವೆ ಆರಾಮಾಗಿ ಹಾಯುತ್ತದೆ. ನಮ್ಮ ಅಕ್ಷಾಂಶ ಸುಮಾರು 16.8 ಡಿಗ್ರಿ, ಅಕ್ಷವನ್ನು ಎತ್ತಬೇಕಾದ್ದೂ ಅಷ್ಟೇ. ಹಾಗಾಗಿ ಮೌಂಟ್‌ನ ಅಕ್ಷ ಹೆಚ್ಚುಕಮ್ಮಿ ಮಲಗಿಯೇ ಇರುತ್ತದೆ, ಕಂಬಿ ನೆಟ್ಟಗೆ ಕೆಳಗೆ ಇಳಿಯುತ್ತದೆ. ಅದಕ್ಕೇ ಈ ಗುದ್ದಾಟ.

ಫೋನಿನ ದಿಕ್ಸೂಚಿ ಕೈಕೊಟ್ಟಿತು. ಉಕ್ಕಿನ ಟ್ರೈಪಾಡ್ ಹತ್ತಿರ ಒಯ್ದರೆ ಸುಮ್ನೆ ಅಲ್ಲಾಡುತ್ತದೆ. ಧ್ರುವ ನಕ್ಷತ್ರವೋ, ದಿಗಂತದಿಂದ 17 ಡಿಗ್ರಿಯಷ್ಟೇ ಮೇಲೆ, ಪಕ್ಕದ ಮನೆಯ ನೀರಿನ ಟ್ಯಾಂಕ್ ಹಿಂದೆ. ಟ್ಯಾಂಕ್ ಸರಿಸಿ ಅಂತ ಕೇಳೋಕಾಗುತ್ತಾ?

ಕೆಲಸಕ್ಕೆ ಬಂದದ್ದು ಡ್ರಿಫ್ಟ್ ವಿಧಾನ, ಅಂದರೆ ಟೆಲಿಸ್ಕೋಪ್‌ನಲ್ಲಿ ನಕ್ಷತ್ರ ಯಾವ ಕಡೆ ಜಾರುತ್ತದೆ ಅಂತ ನೋಡಿ ಮೌಂಟ್ ತಿದ್ದುವುದು. ದಕ್ಷಿಣದಲ್ಲಿ, ಖಗೋಳ ಸಮಭಾಜಕದ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿ ಎಳೆದಂತಿರುವ ಗೆರೆ) ಹತ್ತಿರದ ಒಂದು ನಕ್ಷತ್ರ ನೋಡುತ್ತಾ ಮೌಂಟನ್ನು ಎಡಬಲಕ್ಕೆ ತಿದ್ದಿದೆ. ಆಮೇಲೆ ಪೂರ್ವದಲ್ಲಿ ಕೆಳಗಿದ್ದ ನಕ್ಷತ್ರದಿಂದ ಎತ್ತರ ತಿದ್ದಿದೆ. ಧ್ರುವ ನಕ್ಷತ್ರ ಬೇಕೇ ಆಗಲಿಲ್ಲ, ಅದೇ ಆಶ್ಚರ್ಯ! ಒಂದು ಮಾತು: ನಕ್ಷತ್ರ ಉತ್ತರಕ್ಕೋ ದಕ್ಷಿಣಕ್ಕೋ ಜಾರುವುದನ್ನು ಮಾತ್ರ ಗಮನಿಸಿ. ಪೂರ್ವ-ಪಶ್ಚಿಮದ ಜಾರಾಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಈಗ ಮೋಟರ್ ಹಾಕಿ ಚಹಾ ಕುಡಿದು ಬಂದರೂ ಗುರು ಗ್ರಹ ಐಪೀಸ್‌ನಲ್ಲೇ (ಕಣ್ಣಿಟ್ಟು ನೋಡುವ ಮಸೂರ) ಇರುತ್ತದೆ.